ಲಕ್ಷಣವಾಗಿ ಕಾಣಲು ಸಾಲ ಬೇಕಿಲ್ಲ

ನಮ್ಮ ಕಾಲೇಜಿನಲ್ಲಿ ಎಲ್ಲಕ್ಕಿಂತ ದುಬಾರಿ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನು ಹೇಳುತ್ತೇನೆ: “ಏ, ಇದನ್ನೇ ಅಲ್ವೇನೇ ಆವತ್ತೂ ಹಾಕ್ಕಂಡ್ ಬಂದಿದ್ದು?” ಅಂದವಳಿಗೆ ಅದು ಅರೆ ನಿಮಿಷದ ಮಾತು. ಅನ್ನಿಸಿಕೊಂಡವಳ ಮನೆಯಲ್ಲಿ ಅದು ಎರಡು ಮೂರು ಸಾವಿರ ರೂಪಾಯಿಯ ಖರ್ಚಾಗಿ ಬಂದು ಕೂರುತ್ತದೆ.

ಬೀಳ್ಕೊಡುಗೆ ಸಮಾರಂಭಕ್ಕೆ ಇನ್ನು ಕೆಲವೇ ವಾರಗಳಿವೆ. ತರಗತಿಯಲ್ಲಿ ಈಗಾಗಲೇ ಸೀರೆಯ ಮಾತು ಶುರುವಾಗಿದೆ. ಅದಕ್ಕೇ ಈ ಸಂಚಿಕೆಯಲ್ಲಿ ಬಟ್ಟೆಯ ಬಗ್ಗೆ ಬರೆಯುತ್ತಿದ್ದೇನೆ.

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಅಬ್ಬಾ ತೋಟಗಳಲ್ಲಿ ಕಾಯಿ ಸುಲಿಯಲು ಹೋಗುತ್ತಾರೆ. ಅಮ್ಮಿ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸ್, ಚೂಡಿದಾರ್, ಬುರ್ಖಾ ಹೊಲಿಯುತ್ತಾರೆ. ಹುಕ್ಸ್ ಹಾಕುವುದು, ಕೈಹೊಲಿಗೆ ಮಾಡುವುದು ನನ್ನ ಪಾಲಿನ ಕೆಲಸ. ಆ ಮೆಷಿನ್ ಪಕ್ಕ ಕೂತು ಕಂದಿಕೆರೆಯ ಮತ್ತು ಸುತ್ತಲಿನ ಹಳ್ಳಿಗಳ ಹೆಂಗಸರು ತಂದ ಬಟ್ಟೆಗಳನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ. ಯಾವುದು ಎಷ್ಟಕ್ಕೆ ಬಂತು, ಎಷ್ಟು ದಿನ ಬಾಳಿತು, ಯಾವುದು ಎರಡೇ ಸಲ ಉಟ್ಟು ಪೆಟ್ಟಿಗೆ ಸೇರಿತು ಎನ್ನುವುದೂ ಕಿವಿಗೆ ಬೀಳುತ್ತದೆ. ಇಷ್ಟು ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಹೆಣ್ಣುಮಗಳೊಬ್ಬಳು ಲಕ್ಷಣವಾಗಿ ಕಾಣುವುದು ಬಟ್ಟೆಯ ಬೆಲೆಯಿಂದಲ್ಲ, ಬಟ್ಟೆಗಳ ಸಂಖ್ಯೆಯಿಂದಲೂ ಅಲ್ಲ. ಅಳತೆ ಸರಿಯಿರಬೇಕು, ಒಂದಕ್ಕೊಂದು ಹೊಂದಬೇಕು, ಒಗೆದು ಇಸ್ತ್ರಿ ಮಾಡಿರಬೇಕು. ಈ ಮೂರೂ ಕಡಿಮೆ ದುಡ್ಡಿನಲ್ಲಿ ಆಗುತ್ತವೆ. ಆಗದಂತೆ ಮಾಡುತ್ತಿರುವುದು ನಮ್ಮ ನಾಲಿಗೆ.

ಇದು ಸಣ್ಣ ವಿಷಯವಲ್ಲ

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂದು ಹಿರಿಯರು ನಮ್ಮನ್ನು ಗದರುತ್ತಾರೆ. ಆದರೆ ಕಳೆದ ವರ್ಷದ ಬೀಳ್ಕೊಡುಗೆಗೆ ನನಗೆ ಪರಿಚಯದ ಸೀನಿಯರ್ ಒಬ್ಬಳು ಬರಲೇ ಇಲ್ಲ. ಜ್ವರ ಎಂದು ಹೇಳಿ ಕಳಿಸಿದ್ದಳು. ನಿಜ ಏನೆಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಎಲ್ಲರೂ ಹೊಸ ಸೀರೆಯಲ್ಲಿ ಬರುವಾಗ ತಾನು ಅಕ್ಕನ ಹಳೆಯ ಚೂಡಿದಾರ್‌ನಲ್ಲಿ ಬಂದು ಫೋಟೋಗೆ ನಿಲ್ಲುವುದು ಹೇಗೆ ಎಂದು ಮನೆಯಲ್ಲೇ ಉಳಿದಳಂತೆ. ಎರಡು ವರ್ಷ ಒಂದು ದಿನವೂ ತಪ್ಪಿಸದೆ ಬಸ್ಸು ಹತ್ತಿ ಬಂದವಳು ಕೊನೆಯ ದಿನದ ಫೋಟೋದಲ್ಲಿ ಇಲ್ಲ.

ಬಂದವರ ಮನೆಯ ಕಥೆಯೂ ಬೇರೆಯಲ್ಲ. “ಸಂಘದಲ್ಲಿ ತಗಂಡಿದೀನಿ ಕಣಮ್ಮಾ, ಹೊಲಿಗೆ ದುಡ್ಡು ಮುಂದಿನ ತಿಂಗಳು ಕೊಡ್ತೀನಿ” ಎಂದು ಅಮ್ಮಿಯ ಹತ್ತಿರ ಹೇಳಿಹೋಗುವವರು ಎಷ್ಟೋ ಜನ. ಸೀರೆ ಸಾಲದ್ದು, ಹೊಲಿಗೆಯೂ ಸಾಲದ್ದು. ಕೈಸಾಲವಾದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದುಕೊಳ್ಳಿ. ಕೇಳಲು ಹಗುರ. ವರ್ಷಕ್ಕೆ ಅದು ಶೇ. 24. ಆರು ಸಾವಿರ ತಂದರೆ ವರ್ಷದ ಬಡ್ಡಿಯೇ 1,440 ರೂಪಾಯಿ. ಎರಡು ಜೊತೆ ಒಳ್ಳೆಯ ಬಟ್ಟೆ ಆಗುವಷ್ಟು ದುಡ್ಡು ಬಡ್ಡಿಯಲ್ಲಿ ಹೋಯಿತು. ಕಿರುಸಾಲದ ವಸೂಲಿ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ. ಮನೆ ಬಾಗಿಲಲ್ಲಿ ನಿಂತು ಕೂಗಾಡುವವನನ್ನು ಕಾನೂನು ತಡೆಯಬಹುದು. ಆ ಸಾಲ ಹುಟ್ಟಲು ಕಾರಣವಾದ ಮಾತನ್ನು ತಡೆಯಬೇಕಾದವರು ನಾವು.

ನಮ್ಮ ಸೀಮೆಯ ಆದಾಯ ಹೇಗೆ ಎಂಬುದು ಎಲ್ಲರಿಗೂ ಗೊತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಕಡಿಮೆ, ರೈತರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100. ಮಾರುಕಟ್ಟೆ ಧಾರಣೆ ಅದರ ಎರಡು ಪಟ್ಟು ದಾಟಿತು. ತೋಟ ಇದ್ದವರಿಗೇ ಒಂದು ವರ್ಷದಂತೆ ಇನ್ನೊಂದು ವರ್ಷವಿಲ್ಲ. ಕಾಯಿ ಸುಲಿಯುವ, ಹೊರುವ ಕೂಲಿಯವರಿಗೆ ಏರಿದ ಧಾರಣೆಯೂ ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ಈದ್, ಯುಗಾದಿ, ಮದುವೆ, ಜಾತ್ರೆ, ಬೀಳ್ಕೊಡುಗೆ ಮಾತ್ರ ಧಾರಣೆ ಕೇಳಿಕೊಂಡು ಬರುವುದಿಲ್ಲ.

ಸವಕಳಿಯ ಲೆಕ್ಕ ಬಟ್ಟೆಗೂ ಇದೆ

ಅಕೌಂಟೆನ್ಸಿಯಲ್ಲಿ ನಾವು ಸವಕಳಿ ಕಲಿತಿದ್ದೇವೆ. ಯಂತ್ರ ಕೊಂಡ ದಿನದ ಬೆಲೆಯೊಂದನ್ನೇ ನೋಡಬಾರದು, ಅದು ಎಷ್ಟು ವರ್ಷ ಕೆಲಸಕ್ಕೆ ಬರುತ್ತದೆ ಎಂದು ಭಾಗಿಸಿ ನೋಡಬೇಕು ಎನ್ನುವುದು ಅದರ ಸಾರ. ವಿಜ್ಞಾನ, ಕಲಾ ವಿಭಾಗದ ಗೆಳತಿಯರಿಗೂ ಈ ಲೆಕ್ಕ ಸುಲಭ.

ಬೀಳ್ಕೊಡುಗೆಗೆಂದು 2,400 ರೂಪಾಯಿಯ ಫ್ಯಾನ್ಸಿ ಸೀರೆ ತಂದಿರಿ ಎನ್ನಿ. ಲೈನಿಂಗ್ ಹಾಕಿ ಬ್ಲೌಸ್ ಹೊಲಿಸಲು 400. ಫಾಲ್ಸ್, ಪಿಕೋಗೆ 100. ಒಟ್ಟು 2,900. ಕಲ್ಲು, ಮಿಣುಕು ಅಂಟಿಸಿದ ಆ ಸೀರೆಯನ್ನು ಬೀಳ್ಕೊಡುಗೆಗೆ ಒಮ್ಮೆ, ಯಾರದೋ ಮದುವೆಗೆ ಒಮ್ಮೆ ಉಡುತ್ತೀರಿ. ಒಂದು ಸಲ ಉಟ್ಟಿದ್ದಕ್ಕೆ ಬಿದ್ದ ಖರ್ಚು 1,450 ರೂಪಾಯಿ.

ಈಗ 900 ರೂಪಾಯಿಯ ಕಾಟನ್ ಚೂಡಿದಾರ್ ಪೀಸ್ ತಂದು 350 ಕೊಟ್ಟು ಹೊಲಿಸಿದಿರಿ ಎನ್ನಿ. ಒಟ್ಟು 1,250. ವಾರಕ್ಕೊಂದು ಸಲದಂತೆ ಎರಡು ವರ್ಷ ಹಾಕಿದರೆ ಸುಮಾರು ನೂರು ಸಲ. ಒಂದು ಸಲಕ್ಕೆ ಹನ್ನೆರಡೂವರೆ ರೂಪಾಯಿ.

ಯಾವುದು ದುಬಾರಿ? ನಮ್ಮಲ್ಲಿ ಲೆಕ್ಕ ತಲೆಕೆಳಗಾಗಿದೆ. ಎರಡು ಸಲ ಉಡುವುದಕ್ಕೆ ಕೈಬಿಚ್ಚಿ ಕೊಡುತ್ತೇವೆ, ನೂರು ಸಲ ಹಾಕುವುದಕ್ಕೆ ಚೌಕಾಸಿ ಮಾಡುತ್ತೇವೆ. ದಿನವೂ ಹಾಕುವ ಬಟ್ಟೆಗೆ ಹೆಚ್ಚು ದುಡ್ಡು, ಅಪರೂಪಕ್ಕೆ ಉಡುವುದಕ್ಕೆ ಕಡಿಮೆ ದುಡ್ಡು. ಇದೊಂದು ನಿಯಮ ಪಾಲಿಸಿದರೆ ಅರ್ಧ ಗೆದ್ದಂತೆ.

ನಾಲ್ಕು ಕುರ್ತಾ, ಎರಡು ಪ್ಯಾಂಟು, ಎರಡು ದುಪಟ್ಟಾ

ಪಿಯುಸಿ ಮುಗಿದ ಮೇಲೆ ನಮ್ಮಲ್ಲಿ ಕೆಲವರು ಚಿಕ್ಕನಾಯಕನಹಳ್ಳಿಗೋ ತಿಪಟೂರಿಗೋ ಡಿಗ್ರಿಗೆ ಹೋಗುತ್ತಾರೆ. ಕೆಲವರು ನರ್ಸಿಂಗ್‌ಗೆ, ಕೆಲವರು ಕೆಲಸಕ್ಕೆ. ಅಲ್ಲಿ ವಾರಪೂರ್ತಿ ಸಮವಸ್ತ್ರ ಇರುತ್ತದೆ ಎನ್ನಲಾಗದು. ಆಗ ಏನು ಹಾಕುವುದು ಎಂಬ ಚಿಂತೆಗೆ ನನ್ನ ಉತ್ತರ ಇದು.

ಮೊದಲು ಬಣ್ಣ ನಿಗದಿ ಮಾಡಿಕೊಳ್ಳಿ. ಅಂಗಡಿಗೆ ಹೋದಾಗ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ತಂದರೆ ಮನೆಗೆ ಬಂದ ಮೇಲೆ ಯಾವುದಕ್ಕೂ ಯಾವುದೂ ಹೊಂದುವುದಿಲ್ಲ. ಎರಡು ಪ್ಯಾಂಟು ಸಾಕು: ಒಂದು ಕಪ್ಪು ಅಥವಾ ಕಡುನೀಲಿ, ಇನ್ನೊಂದು ಕೆನೆಬಣ್ಣ. ಎರಡು ದುಪಟ್ಟಾ ಇದೇ ಬಣ್ಣಗಳವು. ಈ ಎರಡರ ಮೇಲೂ ಒಪ್ಪುವ ನಾಲ್ಕು ಕುರ್ತಾ. ನಾಲ್ಕನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿ. ಹದಿನಾರು ಬಗೆಯಾಗುತ್ತದೆ. ಎಂಟು ತುಂಡು ಬಟ್ಟೆಯಲ್ಲಿ ಎರಡೂವರೆ ವಾರ ಒಂದೇ ಥರ ಕಾಣದೆ ಕಾಲೇಜಿಗೆ ಹೋಗಬಹುದು.

ಖರ್ಚು ಹೀಗೆ. ಮೀಟರ್‌ಗೆ 160 ರೂಪಾಯಿಯಂತೆ ಎರಡೂವರೆ ಮೀಟರ್ ಕಾಟನ್‌ಗೆ 400, ಹೊಲಿಗೆಗೆ 300, ಒಂದು ಕುರ್ತಾಗೆ 700. ನಾಲ್ಕಕ್ಕೆ 2,800. ಪ್ಯಾಂಟು ತಲಾ 350ರಂತೆ 700. ದುಪಟ್ಟಾ ತಲಾ 200ರಂತೆ 400. ಒಟ್ಟು 3,900. ಇದನ್ನು ಒಂದೇ ದಿನ ತರಬೇಕಿಲ್ಲ. ವರ್ಷಕ್ಕೆ ಹಂಚಿದರೆ ತಿಂಗಳಿಗೆ 325 ರೂಪಾಯಿ. ಕಾಯಿ ಅಟ್ಟಕ್ಕೆ ಹಾಕಿದ ಮಾರನೆಯ ದಿನ ಉಂಡೆ ಕೊಬ್ಬರಿ ಆಗುವುದಿಲ್ಲ, ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕು. ಕಾಯುವುದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರೆಡಿಮೇಡ್ ತರುವವರು ಇನ್ನೊಂದು ಲೆಕ್ಕ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. 2,500ರ ಉಡುಪಿಗೆ ತೆರಿಗೆ 125 ರೂಪಾಯಿ; 2,600ರದ್ದಕ್ಕೆ 468. ನೂರು ರೂಪಾಯಿ ಹೆಚ್ಚಿನ ಬಟ್ಟೆಗೆ ಒಟ್ಟು 443 ರೂಪಾಯಿ ಹೆಚ್ಚು ತೆರಬೇಕು.

ಕೊಳ್ಳುವಾಗ ಆತುರ ಬೇಡ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ನಮಗೆ ಉಚಿತ. ಒಂದೇ ಅಂಗಡಿಯವರು ಹೇಳಿದ ರೇಟಿಗೆ ತಲೆಯಾಡಿಸಬೇಕಿಲ್ಲ; ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರಿನಲ್ಲಿ ವಿಚಾರಿಸಿ ಬರಬಹುದು. ಆಷಾಢದಲ್ಲಿ ಮದುವೆಗಳಿಲ್ಲದೆ ಅಂಗಡಿಯವರೇ ಡಿಸ್ಕೌಂಟ್ ಬೋರ್ಡು ಹಾಕುತ್ತಾರೆ. ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಮಳಿಗೆಗಳಲ್ಲಿ ರಿಯಾಯಿತಿ ಇರುತ್ತದೆ. ಹಬ್ಬದ ಹಿಂದಿನ ವಾರ ಹೋದರೆ ಅದೇ ಬಟ್ಟೆಗೆ ಹೆಚ್ಚು ಕೊಟ್ಟು ಬರುತ್ತೀರಿ.

ಬಟ್ಟೆ ಯಾವುದು ಎಂದು ತಿಳಿಯುವುದು ಹೇಗೆ? ಅಂಚಿನ ಒಂದು ಎಳೆ ಕಿತ್ತು ಮನೆಯಲ್ಲಿ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಸಲಿ ರೇಷ್ಮೆ ಕೂದಲು ಸುಟ್ಟ ಹಾಗೆ ನಾರುತ್ತದೆ. ಬಣ್ಣ ಬಿಡುತ್ತದೆಯೋ ಎಂದು ನೋಡಲು ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಉಜ್ಜಿದರೆ ಸಾಕು. ಕಾಟನ್, ರೇಯಾನ್ ಬಟ್ಟೆಯನ್ನು ಒಮ್ಮೆ ನೀರಲ್ಲಿ ಅದ್ದಿ ಒಣಗಿಸಿಯೇ ಹೊಲಿಯಲು ಕೊಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ತೋಳು ಮೇಲೇರುತ್ತದೆ. ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಮಾರ್ಜಿನ್ ಬಿಡಲು ದರ್ಜಿಗೆ ಹೇಳಿ. ನಾಳೆ ನೀವು ದಪ್ಪಗಾದರೆ ಬಿಚ್ಚಬಹುದು, ತಂಗಿಗೆ ಕೊಟ್ಟರೂ ಸರಿಹೊಂದಿಸಬಹುದು. ರೆಡಿಮೇಡ್ ಕುರ್ತಾ ಭುಜದಲ್ಲಿ ಸರಿ ಇದ್ದರೆ ತನ್ನಿ. ಸೊಂಟ, ಉದ್ದ, ತೋಳನ್ನು ಐವತ್ತು ರೂಪಾಯಿಯ ಆಲ್ಟರೇಶನ್‌ನಲ್ಲಿ ಸರಿಮಾಡಬಹುದು. ಭುಜ ತಪ್ಪಿದರೆ ಮಾಡುವುದು ಕಷ್ಟ. ಮುನ್ನೂರರ ಕುರ್ತಾ ಅಳತೆಗೆ ಸರಿಯಾಗಿ ಕೂತರೆ ಸಾವಿರದ ಜೋಲು ಕುರ್ತಾಕ್ಕಿಂತ ಚೆನ್ನಾಗಿ ಕಾಣುತ್ತದೆ.

ಸೀರೆಗೆ ಅಳತೆಯಿಲ್ಲ

ಬೀಳ್ಕೊಡುಗೆಗೆ ಸೀರೆ ಉಡುವ ಆಸೆ ನನಗೂ ಇದೆ. ಆದರೆ ಒಂದು ಮಾತು ನೆನಪಿಡಿ. ಐದೂವರೆ ಮೀಟರ್ ಸೀರೆಗೆ ಸೈಜು ಎಂಬುದಿಲ್ಲ. ಅಜ್ಜಿಯದು, ಅಮ್ಮನದು, ಚಿಕ್ಕಮ್ಮನದು, ಪಕ್ಕದ ಮನೆಯ ಅಕ್ಕನದು, ಯಾರದ್ದಾದರೂ ನಮಗೆ ಆಗುತ್ತದೆ. ಅಳತೆ ಬೇಕಾಗಿರುವುದು ಬ್ಲೌಸ್‌ಗೆ ಮಾತ್ರ. ಹಾಗಾದರೆ ದುಡ್ಡು ಹಾಕಬೇಕಾದ್ದು ಬ್ಲೌಸ್‌ಗೆ. ಕಪ್ಪು ಇಲ್ಲವೇ ಹೊಂಬಣ್ಣದ, ಉದ್ದ ತೋಳಿನ, ಸರಿಯಾಗಿ ಕೂರುವ ಒಂದೇ ಒಂದು ಸಾದಾ ಬ್ಲೌಸ್ ಹೊಲಿಸಿಟ್ಟುಕೊಂಡರೆ ಮನೆಯ ಪೆಟ್ಟಿಗೆಯಲ್ಲಿರುವ ಮುಕ್ಕಾಲು ಪಾಲು ಸೀರೆಗಳಿಗೆ ಅದು ಹೊಂದುತ್ತದೆ.

ಆ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ನೋಡಿ. ಇಳಕಲ್ ಸೀರೆ ಇರಬಹುದು. ಅದರ ಒಡಲು ಮತ್ತು ಸೆರಗಿನ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿ ನೇಯುವ ಕಲೆಗೆ ತೋಪು ತೆನೆ ಎನ್ನುತ್ತಾರೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಇರಬಹುದು, ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ನೇಯ್ದ ಸೀರೆಯೂ ಇರಬಹುದು. ಇಳಕಲ್ ಮತ್ತು ಮೊಳಕಾಲ್ಮೂರು ಸೀರೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಇಂಥ ಸೀರೆ ಉಟ್ಟು ಬಂದವಳನ್ನು “ಹಳೇದು” ಎನ್ನುವುದಕ್ಕಿಂತ “ಯಾರದ್ದೇ ಇದು, ಎಲ್ಲಿಂದ ಬಂದದ್ದು?” ಎಂದು ಕೇಳಿದರೆ ನಮಗೆ ಒಂದು ಊರಿನ, ಒಂದು ಮಗ್ಗದ ಕಥೆ ಸಿಗುತ್ತದೆ.

ಬುರ್ಖಾ ಹಾಕುವವರಿಗೆ

“ಮೇಲೆ ಬುರ್ಖಾ ಹಾಕ್ಕಂಡ್ರೆ ಒಳಗೆ ಏನಿದ್ರೆ ಯಾರಿಗ್ ಕಾಣ್ತೈತೆ?” ಎಂಬ ಮಾತನ್ನು ನನ್ನಂಥವರು ಎಲ್ಲರೂ ಕೇಳಿರುತ್ತೇವೆ. ನನ್ನ ಲೆಕ್ಕದ ಪ್ರಕಾರ ಇದು ಬುರ್ಖಾದ ಪರವಾದ ವಾದ. ವರ್ಷದಲ್ಲಿ ಮುನ್ನೂರು ದಿನ ಮೈಮೇಲೆ ಇರುವುದು ಅದೇ. ಹಾಗಾದರೆ ನಮ್ಮ ಬಟ್ಟೆಯ ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಗಬೇಕು. ಮಿಣುಕು ಕಲ್ಲಿನದು ಒಂದರ ಬದಲು ಸಾದಾ ನಿದಾ ಬಟ್ಟೆಯದು ಎರಡು ಇರಲಿ. ಒಂದು ಒಗೆದು ಒಣಗುವಾಗ ಇನ್ನೊಂದು ಮೈಮೇಲೆ. ಉದ್ದವನ್ನು ನೆಲ ಗುಡಿಸುವಷ್ಟು ಬಿಡಬೇಡಿ. ಬಸ್ಸಿನ ಮೆಟ್ಟಿಲು, ಮಣ್ಣು ದಾರಿಯಲ್ಲಿ ಮೊದಲು ಹರಿಯುವುದು ಆ ಅಂಚೇ. ಕಪ್ಪು ಮಾಸಬಾರದು ಎಂದರೆ ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ನಿದಾ ಪಾಲಿಯೆಸ್ಟರ್ ಜಾತಿಯದು, ಬಿಸಿ ಇಸ್ತ್ರಿ ಪೆಟ್ಟಿಗೆ ತಾಕಿದರೆ ಹೊಳಪು ಬಂದು ಕೆಟ್ಟು ಹೋಗುತ್ತದೆ. ತೆಳುವಾದ ಹತ್ತಿ ಬಟ್ಟೆ ಮೇಲಿಟ್ಟು ತಿಕ್ಕಿ. ದುಪಟ್ಟಾ, ಹಿಜಾಬ್‌ಗಳನ್ನೂ ದಿನಬಿಟ್ಟು ದಿನ ಒಗೆಯಲೇಬೇಕು. ಮಾಸಿದ ಹಿಜಾಬ್ ಎಷ್ಟು ಬೆಲೆಯದಾದರೂ ಮಾಸಿದ್ದೇ.

ಒಗೆತ ಅರ್ಧ ಬೆಲೆ

ನಮ್ಮ ಕಡೆಯ ಕಲೆಗಳು ನಮ್ಮವೇ. ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹಾಕಿದರೆ ಕತ್ತಿನ ಪಟ್ಟಿ, ಭುಜಕ್ಕೆ ಎಣ್ಣೆ ಇಳಿಯುತ್ತದೆ. ಆ ಎಣ್ಣೆಯ ಮೇಲೆ ಇಸ್ತ್ರಿ ಮಾಡಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಮೊದಲು ಸಾಬೂನು ತಿಕ್ಕಿ ಒಗೆದು, ಎಣ್ಣೆ ಹೋದ ಮೇಲೆ ಇಸ್ತ್ರಿ. ಎಳನೀರು ಕೆತ್ತುವಾಗ ಸಿಡಿದ ಮಟ್ಟೆಯ ರಸ ಬಟ್ಟೆಗೆ ಬಿದ್ದರೆ ಮೊದಲು ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಹೋಗುವುದಿಲ್ಲ. ಬಿದ್ದ ತಕ್ಷಣ ತಣ್ಣೀರಲ್ಲಿ ತೊಳೆಯುವುದೊಂದೇ ದಾರಿ. ಬೋರ್‌ವೆಲ್ ಗಡಸು ನೀರಲ್ಲಿ ಸಾಬೂನು ನೊರೆಯಾಗದೆ ಬಟ್ಟೆಯಲ್ಲೇ ಉಳಿದು ಬಿಳಿ ಮಂಕಾಗುತ್ತದೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟು ಬಿಳಿಯ ಸಮವಸ್ತ್ರವನ್ನು ಅದರಲ್ಲಿ ಒಗೆದು ನೋಡಿ, ವ್ಯತ್ಯಾಸ ಕಾಣುತ್ತದೆ. ಜರಿ ಸೀರೆಗೆ ಅತ್ತರು, ಸೆಂಟು, ನುಸಿ ಗುಳಿಗೆ ತಾಕಬಾರದು, ಜರಿ ಕಪ್ಪಾಗುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಟ್ಟು ಆಗಾಗ ಮಡಿಕೆ ಬದಲಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಬಿಚ್ಚಿದ ಹೆಮ್ಮಿಂಗ್, ಕಿತ್ತ ಹುಕ್ಸ್, ಪಿನ್ ಚುಚ್ಚಿ ಮುಚ್ಚಿದ ತೋಳಿನ ಹರುಕು, ಇವೇ ನಮ್ಮನ್ನು ಅಚ್ಚುಕಟ್ಟಿಲ್ಲದವರಂತೆ ಕಾಣಿಸುವುದು. ಇವಕ್ಕೆ ಬೇಕಾದ್ದು ಸೂಜಿ, ದಾರ, ಭಾನುವಾರದ ಅರ್ಧ ಗಂಟೆ. ಇದನ್ನು ಹುಡುಗರಿಗೂ ಹೇಳುತ್ತಿದ್ದೇನೆ.

ನೀವು ಹೀಗೆ ಕೇಳಬಹುದು

ಒಬ್ಬ ಗೆಳತಿ ಈ ಬರಹದ ಕರಡು ಓದಿ ಮುಖ ಸಿಂಡರಿಸಿದಳು. “ವರ್ಷಕ್ಕೊಂದ್ ಸಲ ಹಬ್ಬಕ್ಕೆ ಹೊಸ ಬಟ್ಟೆ ಕಾಣೋರು ನಾವು. ಅದನ್ನೂ ಲೆಕ್ಕ ಹಾಕಿ ಕಿತ್ಕಬೇಡ ಕಣೇ” ಎಂದಳು. ಅವಳ ಮಾತು ನ್ಯಾಯವಾದದ್ದು. ಈದ್‌ಗೋ ಯುಗಾದಿಗೋ ಹೊಸ ಬಟ್ಟೆ ಹಾಕಿದಾಗಿನ ಖುಷಿಗೆ ಸವಕಳಿ ಲೆಕ್ಕ ಹಾಕಲು ನಾನು ಹೋಗುವುದಿಲ್ಲ. ನಾನು ಬೇಡ ಎನ್ನುತ್ತಿರುವುದು ಖುಷಿಯ ಬಟ್ಟೆಯನ್ನಲ್ಲ, ಹೆದರಿಕೆಯ ಬಟ್ಟೆಯನ್ನು. ಯಾರೋ ಏನೋ ಅಂದಾರು ಎಂದು ಕೊಂಡ ಸೀರೆ ಉಟ್ಟ ದಿನವೂ ಖುಷಿ ಕೊಡುವುದಿಲ್ಲ. ಕಂತಿನ ದಿನವಂತೂ ಕೇಳುವುದೇ ಬೇಡ.

“ಸಮವಸ್ತ್ರ ಇದೆಯಲ್ಲ, ಇನ್ನೇನು ತೊಂದರೆ?” ಎಂದು ಉಪನ್ಯಾಸಕರೊಬ್ಬರು ಕೇಳಿದರು. ಸಮವಸ್ತ್ರ ನಿಜವಾಗಿ ನಮ್ಮನ್ನು ಕಾಪಾಡಿದೆ ಸಾರ್. ಅದು ಇಲ್ಲದ ದಿನಗಳೇ ಸಮಸ್ಯೆ. ಬಣ್ಣದ ಬಟ್ಟೆಯ ದಿನ, ಪ್ರವಾಸ, ಬೀಳ್ಕೊಡುಗೆಗಳಲ್ಲೇ ಯಾರ ಮನೆಯಲ್ಲಿ ಏನಿದೆ ಎಂಬುದು ಎಲ್ಲರ ಕಣ್ಣಿಗೆ ಬೀಳುವುದು.

ಇನ್ನೊಂದು ಪ್ರಶ್ನೆ ನಾನೇ ಕೇಳುತ್ತೇನೆ. ನಮ್ಮ ತರಗತಿಯ ಹುಡುಗರು ಒಂದೇ ಜೀನ್ಸ್, ಎರಡೇ ಶರ್ಟಿನಲ್ಲಿ ಎರಡು ವರ್ಷದ ಎಲ್ಲ ಕಾರ್ಯಕ್ರಮ ಮುಗಿಸುತ್ತಾರೆ. ಅವರನ್ನು ಯಾರೂ “ಇದನ್ನೇ ಅಲ್ವಾ ಆವತ್ತೂ ಹಾಕಿದ್ದು” ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ಹೆಣ್ಣುಮಕ್ಕಳಿಗೆ ಮಾತ್ರ ಈ ಹಾಜರಿ ಪುಸ್ತಕ ಯಾಕೆ? ಬೇಸರದ ಸಂಗತಿ ಎಂದರೆ ಆ ಪುಸ್ತಕ ಬರೆಯುತ್ತಿರುವವರು ಹುಡುಗರಲ್ಲ, ನಾವೇ.

ಮೂರು ಬೇಡಿಕೆ

ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ಮತ್ತು ನನ್ನ ತರಗತಿಯವರಲ್ಲಿ ಮೂರು ಬೇಡಿಕೆ ಇಡುತ್ತಿದ್ದೇನೆ.

ಮೊದಲನೆಯದು, ಈ ಬಾರಿಯ ಬೀಳ್ಕೊಡುಗೆಗೆ “ಹೊಸ ಬಟ್ಟೆ ಬೇಕಿಲ್ಲ” ಎಂದು ನೋಟಿಸ್ ಬೋರ್ಡಿನಲ್ಲೇ ಹಾಕಲಿ. ಅತ್ಯುತ್ತಮ ಉಡುಗೆಗೆ ಬಹುಮಾನ ಕೊಡುವುದಿದ್ದರೆ ಅದನ್ನು ಕೈಬಿಡಲಿ. ಕೊಡಲೇಬೇಕೆಂದರೆ ಮನೆಯ ಅತ್ಯಂತ ಹಳೆಯ ಸೀರೆಗೆ ಕೊಡಲಿ. ಉಪನ್ಯಾಸಕಿಯರೂ ಅಂದು ತಮ್ಮ ತಾಯಂದಿರ ಸೀರೆಯಲ್ಲಿ ಬಂದರೆ ನೋಟಿಸಿಗಿಂತ ಹೆಚ್ಚು ಕೆಲಸವಾಗುತ್ತದೆ.

ಎರಡನೆಯದು, ಪರೀಕ್ಷೆ ಮುಗಿಸಿ ಹೋಗುವ ನಾವು ನಮ್ಮ ಸಮವಸ್ತ್ರವನ್ನು ಒಗೆದು, ಇಸ್ತ್ರಿ ಮಾಡಿ, ಹುಕ್ಸ್ ಗುಂಡಿ ಸರಿಪಡಿಸಿ ಕಾಲೇಜಿಗೆ ಕೊಟ್ಟು ಹೋಗೋಣ. ಬರುವ ಜೂನ್‌ನಲ್ಲಿ ಪ್ರಥಮ ಪಿಯುಸಿಗೆ ಸೇರುವವರಿಗೆ ಅಳತೆ ನೋಡಿ ಕೊಡಬಹುದು. ತೆಗೆದುಕೊಂಡವರ ಹೆಸರು ಯಾವ ಪಟ್ಟಿಯಲ್ಲೂ ಬರೆಯಬಾರದು, ಯಾವ ಫೋಟೋದಲ್ಲೂ ಬರಬಾರದು. ಇದು ದಾನದ ಕಾರ್ಯಕ್ರಮವಲ್ಲ, ಅಕ್ಕ ತಂಗಿಗೆ ಕೊಟ್ಟ ಬಟ್ಟೆ.

ಮೂರನೆಯದು, ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಒಂದು ಕೊಠಡಿ, ಒಂದು ಮೇಜು ಕೊಡಿ. ಹೊಲಿಗೆ ಬರುವ ನಾವು ಐದಾರು ಜನ ಇದ್ದೇವೆ. ಆಲ್ಟರೇಶನ್, ಹೆಮ್ಮಿಂಗ್, ಹುಕ್ಸ್, ಗುಂಡಿ ಮಾಡಿಕೊಡುತ್ತೇವೆ, ಕಲಿಯಬೇಕೆನ್ನುವವರಿಗೆ ಕಲಿಸುತ್ತೇವೆ. ಅಮ್ಮಿ ತಮ್ಮ ಹಳೆಯ ಕೈಮೆಷಿನ್ ಕೊಡಲು ಒಪ್ಪಿದ್ದಾರೆ. ಬೀಳ್ಕೊಡುಗೆಗೆ ಮೊದಲೇ ಒಂದು ಶನಿವಾರ ಸಿಕ್ಕರೆ, ಸೀರೆ ಇದ್ದೂ ಬ್ಲೌಸ್ ಆಗದವರ ಬ್ಲೌಸ್‌ಗಳನ್ನು ಅಂದೇ ಸರಿಮಾಡಿ ಮುಗಿಸಬಹುದು.

ಹೆಚ್ಚು ಸೀರೆ ಇರುವವರು ಒಂದನ್ನು ಯಾರಿಗಾದರೂ ಒಂದು ದಿನಕ್ಕೆ ಕೊಡಲು ಸಿದ್ಧವಿದ್ದರೆ ನನ್ನ ಹತ್ತಿರ ಮೆಲ್ಲಗೆ ಹೇಳಿ. ಬೇಕಾದವರೂ ಮೆಲ್ಲಗೆ ಹೇಳಿ. ಯಾರದು ಯಾರಿಗೆ ಹೋಯಿತು ಎಂಬುದು ನನ್ನ ಬಾಯಿಂದ ಹೊರಬರುವುದಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಗ್ರಂಥಾಲಯದ ಕಿಟಕಿ ಪಕ್ಕದ ಬೆಂಚಿನಲ್ಲಿ ಇರುತ್ತೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ